ಅಟ್ಟದ ಮೂಲೆಯ ಪಿಂಗಾಣಿ

ಅಮ್ಮಾ ದ್ರಾಕ್ಷಾಯಣಿ,

ನಾಳೆ ತೀರಿಹೋದ ನಿಮ್ಮತ್ತೆಯ ಗಣಾರಾಧನೆಗೆ ಅಯ್ಯನವರನ್ನು ಕರೆತರಲು ಬಿಳಿಗೆರೆಗೆ ಹೊರಟಿದ್ದೇನೆ. ನೀನಿನ್ನೂ ಪೂಜೆಯಿಂದ ಎದ್ದಿಲ್ಲ, ಬಸ್ಸು ಕಾಯುವುದಿಲ್ಲ.

ಅಡುಗೆಗೆ ಕಾಯಿ ಇಳಿಸಲು ಬೆಟ್ಟಸ್ವಾಮಿ ಬರುತ್ತಾನೆ. ಅಟ್ಟದ ಮೂಡಣ ಮೂಲೆಗೆ ಅವನನ್ನು ಬಿಡಬೇಡ. ಎಷ್ಟು ಹೇಳಿದರೂ ಅವನು ಕಾಯಿಯನ್ನು ಉರುಳಿಸಿಯೇ ಹಾಕುತ್ತಾನೆ. ಅಲ್ಲಿ ತೆಂಗಿನ ನಾರಿನೊಳಗೆ ನಿಮ್ಮತ್ತೆಯ ಪಿಂಗಾಣಿ ಬಟ್ಟಲುಗಳಿವೆ. ನಿನ್ನೆ ನೋಡಿದೆ. ಒಂಬತ್ತಿವೆ. ಕೆಲವು ನಮ್ಮಜ್ಜಿಯ ಕಾಲದವು, ಕೆಲವು ತುರುವೇಕೆರೆ ಸಂತೆಯ ಹೊಸವು. ಒಂದರ ಮೇಲೂ ಧೂಳಿಲ್ಲ.

ಮೂಳೆಪುಡಿ ಬೆರೆಸಿರುತ್ತಾರೆ, ಲಿಂಗಪೂಜೆಯ ಮನೆಗೆ ಪಿಂಗಾಣಿ ಬೇಡವೆಂದು ಹಟ ಹಿಡಿದವನು ನಾನೇ. ಯಾರಿಗಾದರೂ ಕೊಟ್ಟುಬಿಡು ಎಂದಾಗ "ಕೊಟ್ಟಾಯ್ತು ಬುಡ್ರಿ" ಎಂದಿದ್ದಳು. ಮಧ್ಯಾಹ್ನ ಅಟ್ಟ ಹತ್ತಿದರೆ ಬೇಗ ಇಳಿಯುತ್ತಿರಲಿಲ್ಲ. ಕೊಬ್ಬರಿ ನೋಡುತ್ತಿದ್ದಾಳೆ ಎಂದುಕೊಂಡಿದ್ದೆ. ಕಾಫಿ ಮೇಲಕ್ಕೆ ಏಕೆ ಹೋಗುತ್ತಿತ್ತೆಂದು ನಿನಗೆ ಗೊತ್ತಿತ್ತು. ನೀನೂ ಹೇಳಲಿಲ್ಲವಲ್ಲಮ್ಮ.

ಅಂಚಿನಲ್ಲಿ ನೀಲಿ ಬಳ್ಳಿ ಇರುವ ಎರಡು ಬಟ್ಟಲು ಜೋಡಿ. ಒಂದರ ತಳದಲ್ಲಿ ಕಾಫಿಯ ಕರೆ ಇದೆ. ಅದನ್ನು ತೊಳೆಯಬೇಡ. ಈ ಜೋಡಿ ಬಿಟ್ಟು ಉಳಿದ ಏಳನ್ನು ತೊಳೆದು ದೇವರ ಮನೆಯ ಗೂಡಿನಲ್ಲಿಡು. ನಾಳೆ ಅವಳ ಎಡೆಯ ಪಾಯಸ ಪಿಂಗಾಣಿಯಲ್ಲೇ ಇರಲಿ. ಅಯ್ಯನವರು ಕೇಳಿದರೆ ನಾನು ಉತ್ತರ ಹೇಳುತ್ತೇನೆ.

ಜೋಡಿಯ ಇನ್ನೊಂದು ಬಟ್ಟಲನ್ನು ಅವಳು ಒಮ್ಮೆಯೂ ಬಳಸಿಲ್ಲ. ತನ್ನ ಧಾರೆ ಸೀರೆಯ ಚೂರಿನಲ್ಲಿ ಸುತ್ತಿಟ್ಟಿದ್ದಾಳೆ. ಸಂಜೆ ನಾನು ಬಂದ ಮೇಲೆ, ನನ್ನ ಕಾಫಿಯನ್ನು ಅದರಲ್ಲಿ ಹಾಕಿ ಅಟ್ಟಕ್ಕೇ ತಂದುಕೊಡು.

ನಿನ್ನ ಮಾವ,
ಸದಾಶಿವಯ್ಯ