ಕಡವಿನ ಬಳಿಯ ಅಫೀಮು ಅಂಗಡಿ ಮತ್ತು ಮುಳುಗದ ಬಲೆ

ಮಂಗಳೂರಿನ ಅಬ್ಕಾರಿ ಖಾತೆಯ ಮಾನ್ಯ ಅಧಿಕಾರಿಗಳೇ,

ಬೊಕ್ಕಪಟ್ಣದ ದೋಣಿ ಕಡವಿನ ಪಕ್ಕದಲ್ಲಿ ತಮ್ಮ ಲೈಸನ್ಸಿನ ಕೃಪೆಯಿಂದ ನಡೆಯುತ್ತಿರುವ ಅಫೀಮು ಅಂಗಡಿ ನನ್ನ ತಂಗಿ, ಮೀನು ಮಾರುವ ಅಕ್ಕುವಿನ ಹದಿನಾರು ವರ್ಷದ ಮಗ ಯಾದವನನ್ನು ಅರ್ಧ ನುಂಗಿತ್ತು. ನಾವು ಅವನನ್ನು ಅದರ ಬಾಯಿಂದ ಎಳೆದು ತಂದಿದ್ದೇವೆ. ಖಾಯಂ ಗಿರಾಕಿಯೊಬ್ಬನನ್ನು ಕಳೆದುಕೊಂಡ ತಮಗೆ ನನ್ನ ಸಂತಾಪ.

ನಮ್ಮ ಮುದಿ ತಾಯಿಯ ಮೊಣಕಾಲು ನೋವಿಗೆ ಅಫೀಮು ತರಲು ಅಕ್ಕು ಈ ಹುಡುಗನನ್ನೇ ಕಳುಹಿಸುತ್ತಿದ್ದಳು. ಕಿವಿರು ಎತ್ತಿ ನೋಡದೆ ಒಂದು ಬಂಗುಡೆಯನ್ನೂ ಕೊಳ್ಳದ ಹೆಂಗಸು ತಮ್ಮ ಮೊಹರನ್ನು ಮಾತ್ರ ಕಣ್ಣು ಮುಚ್ಚಿ ನಂಬಿದಳು. “ವಿಷಕ್ಕೆ ಸರ್ಕಾರ ಮೊಹರು ಒತ್ತುತ್ತದಾ ಅಣ್ಣ?” ಎಂದು ನನ್ನನ್ನೇ ಕೇಳಿದ್ದಳು. ಹುಡುಗ ಅಜ್ಜಿಗೆ ತಂದದ್ದರಲ್ಲಿ ಚೂರು ಚೂರು ತನ್ನ ನಾಲಗೆಗೂ ಹಚ್ಚಿಕೊಂಡ.

ಒಂದು ಬೆಳಿಗ್ಗೆ ಅವನ ತಂದೆ ಅಂಗಾರ ಹೊಳೆಯಲ್ಲಿ ಬೀಸಿದ ಬಲೆ ಎರಡನೆಯ ಸಲಕ್ಕೆ ಮುಳುಗಲೇ ಇಲ್ಲ! ಯಾದವ ಅಫೀಮಿನ ಕಾಸಿಗಾಗಿ ಬಲೆಯಂಚಿನ ಸೀಸದ ಗುಂಡುಗಳನ್ನು ಬಿಚ್ಚಿ ಮಾರಿ, ಆ ಜಾಗದಲ್ಲಿ ಒಣಗಿದ ಮಣ್ಣುಂಡೆ ಕಟ್ಟಿದ್ದ. ಮಣ್ಣು ನೀರಲ್ಲಿ ಕರಗಿತ್ತು. ಕಡವಿನವರೆಲ್ಲ ಬಿದ್ದು ಬಿದ್ದು ನಕ್ಕರು. ಭಾವ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಅತ್ತರು.

ಈ ಮಳೆಗಾಲ ಹಿಡಿದಂದಿನಿಂದ ಹುಡುಗನನ್ನು ಮನೆಯೊಳಗೇ ಕಾದೆವು. ಮೈ ನಡುಗುತ್ತಿತ್ತು, ಕುಡಿದ ಗಂಜಿ ನಿಲ್ಲುತ್ತಿರಲಿಲ್ಲ. “ಅಪ್ಪೇ, ಸಾಸಿವೆಯಷ್ಟು ಕೊಡು, ಮತ್ತೆ ಕೇಳುದಿಲ್ಲ” ಎಂದು ತಾಯಿಯ ಕಾಲು ಹಿಡಿದ. ಅಕ್ಕು ಅಂಗಳಕ್ಕೆ ಹೋಗಿ ಅತ್ತು ಬಂದಳೇ ಹೊರತು ಕೊಡಲಿಲ್ಲ. ಮುದುಕಿಯೂ ತನ್ನ ಅಫೀಮು ಬಿಟ್ಟು ನೋವು ನುಂಗಿ ಮಲಗಿದಳು. ಈಗ ಯಾದವ ಉಣ್ಣುತ್ತಾನೆ, ನಿದ್ರಿಸುತ್ತಾನೆ. ತಂದೆಯ ಬಲೆಗೆ ಹೊಸ ಸೀಸವನ್ನು ತಾನೇ ಕಟ್ಟಿದ್ದಾನೆ.

ಅಂಗಡಿಯನ್ನು ಕಡವಿನಿಂದ ಎತ್ತಿಸಿರೆಂದು ಅಕ್ಕುವೂ ನಾನೂ ತಮ್ಮ ಬಾಗಿಲಿಗೆ ಬಂದೆವು. ತಾವು ಅಪ್ಪಣೆ ಕೊಡಿಸಿದಿರಿ: “ಅಂಗಡಿ ಎಂತ ನಿಮ್ಮ ಹುಡುಗನ ಬಾಯಿಗೆ ಬಂದು ಬೀಳ್ತದಾ ಮಾರಾಯ್ರೇ? ಬೇಡದವರು ಆಚೆ ನೋಡಿ ಹೋಗಲಿ.” ಆಹಾ, ಎಂಥ ಜ್ಞಾನ! ಅದೇ ವಾರ ಶಾಲೆಯ ಸಭೆಯಲ್ಲಿ ದುಶ್ಚಟಗಳ ವಿರುದ್ಧ ಭಾಷಣ ಬಿಗಿದವರೂ ತಾವೇ ಅಲ್ಲವೇ? ಮಗು ಚಿವುಟುವುದೂ ತಾವೇ, ತೊಟ್ಟಿಲು ತೂಗುವುದೂ ತಾವೇ. ದೋಣಿ ಹತ್ತಲು ನಮಗಿರುವುದು ಆ ಒಂದೇ ದಾರಿ. ಆಚೆ ನೋಡಿ ಹುಡುಗ ಎಷ್ಟು ದಿನ ನಡೆದಾನು? ನನಗೆ ಹೆದರಿಕೆಯಾಗುತ್ತಿದೆ, ಸ್ವಾಮೀ.

ಬರುವ ಹುಣ್ಣಿಮೆಗೆ ನಮ್ಮವರು ಸಮುದ್ರಕ್ಕೆ ಹಾಲೆರೆದು ಪೂಜೆ ಮಾಡುತ್ತಾರೆ. ಆಮೇಲೆ ಮೀನುಗಾರಿಕೆ ಶುರುವಾಗಿ ಯಾದವ ದಿನವೂ ತಂದೆಯೊಂದಿಗೆ ಕಡವಿಗೆ ಹೋಗಲೇಬೇಕು. ಅದರೊಳಗೆ ಅಂಗಡಿ ಅಲ್ಲಿಂದ ಏಳಬೇಕು. ಏಳದಿದ್ದರೆ ಅಕ್ಕು ಮೀನಿನ ಬುಟ್ಟಿ ಹಿಡಿದು ಅದರ ಬಾಗಿಲಲ್ಲೇ ಕೂರುವವಳಿದ್ದಾಳೆ, ಮಾರದೆ ಉಳಿದ ಹಳಸಲು ಮೀನಿನ ಸಮೇತ. ಗಿರಾಕಿಗಳಿಗೆ ನಾತ ಬಡಿದೀತು ಎಂದೆ. ಅವಳೆಂದಳು: “ಬುಟ್ಟಿ ಎಂತ ಅವರ ಮೂಗಿಗೆ ಬಂದು ಬೀಳ್ತದಾ ಅಣ್ಣ? ಬೇಡದವರು ಆಚೆ ನೋಡಿ ಹೋಗಲಿ.”

ಇಂತಿ,
ಸರ್ಕಾರಕ್ಕೆ ಒಬ್ಬ ಗಿರಾಕಿಯನ್ನು ನಷ್ಟ ಮಾಡಿ, ಎರಡನೆಯ ಸಲ ನಷ್ಟ ಮಾಡುವ ತ್ರಾಣವಿಲ್ಲದ ಸೋದರಮಾವ,
ಚೆನ್ನಪ್ಪ, ಬೊಕ್ಕಪಟ್ಣ