ಕಿಟಕಿಯ ಸರಳು ಹಿಡಿದು ನಿಂತ ದಿನ

ಪ್ರೀತಿಯ ಅಕ್ಕ,

ನಿನಗೆ ಬಂದ ಕಾಯಿಲೆಯೇ ನನಗೂ ಬಂತು. ಬೀಡಿ ಕಟ್ಟುತ್ತಿದ್ದಾಗ ಎಡಗೈಯಿಂದ ಎಲೆ ಜಾರಿತು, ಬಾಯಿ ಸೊಟ್ಟಗಾಯಿತು. ನಿನ್ನ ಮಗಳು ಸುಜಾತ ತಡಮಾಡದೆ ಆಸ್ಪತ್ರೆಗೆ ಒಯ್ದಳು. ಈಗ ಗುರುವಾಯನಕೆರೆಯ ಅವಳ ಮನೆಯಲ್ಲೇ ಇದ್ದೇನೆ.

ನೀನು ಮೂಡಬಿದ್ರೆಯಲ್ಲಿ ಮಲಗಿದ್ದ ಏಳು ತಿಂಗಳು ನೆನಪುಂಟಾ? ಗಂಜಿ ಕುಡಿಸಿದ್ದು, ತಲೆ ಬಾಚಿದ್ದು ಎಲ್ಲ ನಾನೇ. ಒಂದು ಮಧ್ಯಾಹ್ನ ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ನೀನು ಕಿಟಕಿಯ ಸರಳು ಹಿಡಿದು ಎದ್ದು ನಿಂತಿದ್ದೆ. ಕಾಲು ನಡುಗುತ್ತಿತ್ತು, ಏದುಸಿರು. ಮುಖದಲ್ಲಿ ಮಾತ್ರ... ಅದು ನಗುವಲ್ಲವಾ ಅಕ್ಕ? ನಾನು ಹೆದರಿ ನಿನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಲಗಿಸಿದೆ. ಬಿದ್ದರೆ ಏನು ಗತಿ ಎಂದು ಬೈದೆ. ಆಮೇಲೆ ನೀನು ಏಳಲು ನೋಡಲೇ ಇಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ನನಗೆ ವ್ಯಾಯಾಮ ಮಾಡಿಸಲು ಫಿಸಿಯೋಥೆರಪಿಯ ಹುಡುಗಿಯೊಬ್ಬಳು ಬರುತ್ತಿದ್ದಳು. ಡಾಕ್ಟರು ಎದೆ, ಬಿಪಿ ಎಲ್ಲ ನೋಡಿ ಒಪ್ಪಿದ ಮೇಲೆ, ಮೆಲ್ಲನೆ ನಡೆದರೆ ಸಾಲದು, ಜಗಲಿಯ ಮೆಟ್ಟಿಲು ಬೇಗ ಬೇಗ ಹತ್ತಿಳಿಯಬೇಕು ಎಂದಳು. "ಏದುಸಿರು ಬರ್ಬೇಕು ಅಮ್ಮ. ಆದ್ರೆ ನನ್ನ ಹತ್ರ ಎರಡು ಮಾತು ಆಡ್ಲಿಕ್ಕೆ ಆಗ್ಬೇಕು." ಇಪ್ಪತ್ತೈದು ಬೀಡಿಗೆ ಒಂದು ಕಟ್ಟು ಮಾಡಿ ಅಭ್ಯಾಸ ನಮಗೆ. ಹಾಗೆ ಇಪ್ಪತ್ತೈದು ಸಲ ಹತ್ತಿಳಿದರೆ ಒಂದು ಕಟ್ಟು ಎಂದು ನನ್ನ ಲೆಕ್ಕ.

ಸೋಮವಾರ ಹದಿನೆಂಟನೇ ಸಲ ಹತ್ತುವಾಗ ಎದೆ ಡವಗುಟ್ಟಿತು. ಸುಜಾತ ಒಳಗಿನಿಂದ ಓಡಿ ಬಂದು ರಟ್ಟೆ ಹಿಡಿದಳು. "ಸಾಕು ಚಿಕ್ಕಮ್ಮ, ಕೂತ್ಕೊಳ್ಳಿ. ಅಮ್ಮನ ಹಾಗೆ ನೀವೂ ಹೋದ್ರೆ ನಾನೇನು ಮಾಡ್ಲಿ?" ಇನ್ನು ಬರುವುದು ಬೇಡ ಎಂದು ಆ ಹುಡುಗಿಯನ್ನು ಕಳಿಸಿಯೂ ಬಿಟ್ಟಳು. ಎರಡು ದಿನ ನನಗೆ ಹಾಸಿಗೆಯೇ. ಕಾಲು ಕೊರಡಾಗುತ್ತಿರುವುದು ನನಗೆ ಗೊತ್ತಾಗುತ್ತಿತ್ತು. ತಪ್ಪು ಅವಳದ್ದಾ? ಪ್ರೀತಿ ಎಂದರೆ ಹಾಗೆ ಹಿಡಿದು ಕೂರಿಸುವುದು ಎಂದು ಅವಳು ನೋಡಿ ಕಲಿತದ್ದು ಯಾರಿಂದ?

ಇವತ್ತು ಬೆಳಿಗ್ಗೆ ಅವಳಿಗೆ ಕಿಟಕಿಯ ವಿಷಯ ಹೇಳಿದೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಬೆರಳು ಬಿಡಿಸಿದ್ದನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡು ತಲೆ ತಗ್ಗಿಸಿ ಕೂತೆ. "ಅಮ್ಮ ನಿಂತಿದ್ರಾ?" ಎಂದಳು. ಮತ್ತೆ ಅದನ್ನೇ ಕೇಳಿದಳು. ಆಮೇಲೆ ಎದ್ದು ಹೋಗಿ ಆ ಹುಡುಗಿಗೆ ಫೋನು ಮಾಡಿದಳು.

ಸಂಜೆ ಹುಡುಗಿ ಬಂದಳು. ಹದಿನೆಂಟು ದಾಟಿತು, ಹತ್ತೊಂಬತ್ತು... ಸುಜಾತ ಕುರ್ಚಿ ತಂದಳು. ನನಗೆ ಎಂದುಕೊಂಡೆ. ತಾನೇ ಕೂತಳು, ಎರಡೂ ಕೈಗಳನ್ನು ತೊಡೆಯ ಅಡಿಗೆ ಒತ್ತಿಟ್ಟುಕೊಂಡಳು, ನನ್ನನ್ನು ಹಿಡಿಯಲು ಅವು ಓಡಿ ಬರಬಾರದೆಂದು. ಕಣ್ಣು ಮಾತ್ರ ನನ್ನ ಕಾಲಿನ ಮೇಲೆ. ಇಪ್ಪತ್ತೈದಕ್ಕೆ ನಿಂತೆ.

"ಒಂದು ಕಟ್ಟಾಯ್ತು ಚಿಕ್ಕಮ್ಮ. ಇನ್ನೊಂದು ಆಗ್ತದಾ?"

ಎರಡು ಮಾತಿಗೆ ಆಗುವಷ್ಟೇ ಉಸಿರು ಉಳಿದಿತ್ತು ಅಕ್ಕ. "ಆಗ್ತದೆ ಮಗಾ" ಎಂದೆ.

ನಿನ್ನ ತಂಗಿ,
ಲಲಿತಾ