ತಿದ್ದಿದ ದನಿ

ಜನವರಿ 6, ಸಂಜೆ

ವಾಕಿಂಗ್ ಮುಗಿಸಿ ಬಂದೆ. ಮೊಬೈಲ್‌ನಲ್ಲಿ ಮತ್ತೆ ಗುಡೇಮಾರನಹಳ್ಳಿಯ ಮನು—ಚನ್ನಪಟ್ಟಣದ ಕಾರ್ಯಕ್ರಮದ ವಿಡಿಯೋ. ಹೈಸ್ಕೂಲಿನಿಂದಲೂ ನನ್ನ ಚೈತನ್ಯನ ಜೊತೆ ಹಾಡಿದವನು. ಅದೇ ತಂಬೂರಿ, ಇಬ್ಬರೂ ಕಟ್ಟಿದ ಅದೇ ಪದ. ಮಗ ತೀರಿಕೊಂಡು ವರ್ಷ ತುಂಬಿಲ್ಲ; ಅವನ ಪಾಲಿನ ಚಪ್ಪಾಳೆಯೂ ಈಗ ಇವನಿಗೆ. ಈ ಮಾತು ಅನ್ಯಾಯವೆಂದು ಬಲ್ಲೆ. ಆದರೂ ಬರೆಯುತ್ತೇನೆ.

ಜನವರಿ 11

ಬೆಂಗಳೂರಿನ ಮ್ಯೂಸಿಕ್ ಕಂಪನಿಯ ಮನೋಹರ್ ಬಂದಿದ್ದರು. ಇಬ್ಬರ ಹಳೆಯ ರೆಕಾರ್ಡಿಂಗ್ ಅವರಲ್ಲಿದೆ. ಶ್ರುತಿ ತಿದ್ದಿ, ಡ್ಯಾನ್ಸ್ ಬೀಟ್ ಹಾಕಿ ಬಿಡುತ್ತಾರಂತೆ. ಮನು ಒಪ್ಪಿಲ್ಲ. ಒಪ್ಪದ್ದಕ್ಕೂ ಅವನಿಗೇ ಊರೆಲ್ಲ ಹೊಗಳಿಕೆ. ಅವನ ದನಿ ತೆಗೆದು ಚೈತನ್ಯನೊಬ್ಬನದೇ ಹಾಡಾಗಿ ತರಬಹುದು, ತಂದೆಯ ಸಹಿ ಸಾಕು ಎಂದರು.

ಒಬ್ಬನದೇ... ಆಮೇಲಿನದ್ದು ಕಿವಿಗೆ ಬೀಳಲಿಲ್ಲ.

ಜನವರಿ 12

ಮನು ಬಂದ. ಹಾರೋಹಳ್ಳಿ ಫ್ಯಾಕ್ಟರಿಯ ಯೂನಿಫಾರಂನಲ್ಲೇ. ನಾನು ಕಾಲೇಜಿನ ದಿನಗಳ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ವಾದವನ್ನೆಲ್ಲ ಹೂಡಿದೆ—ಜನರನ್ನು ತಲುಪದ ಕಲೆಯ ಪರಿಶುದ್ಧತೆ ಯಾರಿಗಾಗಿ? ಅವನು ವಾದಿಸಲಿಲ್ಲ.

"ನನ್ ದನಿ ಕಿತ್ತಾಕ್ಲಿ ಸಾರ್, ಬೇಜಾರಿಲ್ಲ. ಅವನ್ದು ತಿದ್ದೋದ್ ಬ್ಯಾಡ. ಮ್ಯಾಲಕ್ಕೋಗುವಾಗ ಒಸಿ ಒಡೀತದಲ್ಲ, ಅದುನ್ನ ಕೇಳಕ್ಕೇ ನಾನು ಅವನ್ ಜೊತೆ ಹಾಡ್ತಿದ್ದುದ್ದು."

ಆ ಒಡಕು ದೋಷವೆಂದೇ ನನ್ನ ಮತ, ಈಗಲೂ. ನನ್ನ ಮಗನ ಗಂಟಲನ್ನು ನನಗಿಂತ ಚೆನ್ನಾಗಿ ತಾನು ಬಲ್ಲೆನೆಂಬ ಅವನ ಸೊಕ್ಕು ನೋಡಿ. ಕಾಫಿ ಬೇಕೇ ಎಂದು ನಾನು ಕೇಳಲಿಲ್ಲ. ಮುನಿರತ್ನಮ್ಮ ಅವನನ್ನು ಅಡುಗೆಮನೆಗೆ ಕರೆದು ಕೊಟ್ಟಳು. ನನ್ನ ಹೆಂಡತಿಗೆ ಅವನೆಂದರೆ ಮೊದಲಿನಿಂದಲೂ ಹಾಗೆಯೇ.

ಜನವರಿ 13

ಸಹಿ ಹಾಕಿದೆ.

ಫೆಬ್ರವರಿ 9, ಬೆಳಿಗ್ಗೆ

ಮನೋಹರ್ ಕಳಿಸಿದ ಹಾಡು ಮೊಬೈಲ್‌ಗೆ ಬಂತು. ಒಂದು ಸ್ವರವೂ ಜಾರುವುದಿಲ್ಲ. ಒಡಕಿಲ್ಲ. ಮನು ಇಲ್ಲ. ಬಯಸಿದ್ದೆಲ್ಲ ಇದೆ. ಒಳಗೂ ಕೇಳಲೆಂದು ಜೋರಾಗಿ ಇಟ್ಟೆ. ಮುನಿರತ್ನಮ್ಮ ಸೌಟು ಹಿಡಿದೇ ಬಂದಳು.

"ಯಾರ್ರೀ ಇವ್ನು? ನಮ್ ಚೈತುನ್ ಪದ ಹೇಳ್ತಾವ್ನೆ."

ಪಲ್ಲವಿ ಮುಗಿಯುವ ಮೊದಲೇ ಹಿಂದಿರುಗಿದಳು.

ಮಧ್ಯಾಹ್ನ

ಬಿಡುಗಡೆ ನಿಲ್ಲಿಸಿ ಎಂದು ಮನೋಹರ್‌ಗೆ ಫೋನ್ ಮಾಡಿದೆ. ಸಹಿಯಾಗಿದೆಯಲ್ಲ ಸಾರ್, ನಾಳೆಯೇ ರಿಲೀಸ್ ಎಂದರು. ತುಂಬಾ ಮರ್ಯಾದೆಯಿಂದ.

ಸಂಜೆ

ತಿದ್ದದ ಹಾಡು ಮನುವಿನಲ್ಲಿದೆ. ನನ್ನ ಮಗನ ದನಿಯನ್ನು ಅವನಿಂದ ಬೇಡಬೇಕು. ಫೋನ್ ಮಾಡಿ ಬೇಡಿದೆ.

"ಅವತ್ತು ಬಂದಾಗ್ಲೇ ಅಮ್ಮನ ಫೋನ್ಗೆ ಹಾಕ್ಕೊಟ್ಟಿವ್ನಿ ಸಾರ್. ದಿನಾ ಕೇಳ್ತಾರಂತಲ್ಲ, ನಿಮ್ಗೆ ಗೊತ್ತಿಲ್ವಾ?"

ಗೊತ್ತು ಎಂದೆ.

ಅಡುಗೆಮನೆಯ ಬಾಗಿಲು ಅರ್ಧ ಮುಚ್ಚಿಕೊಂಡಿದೆ. ಒಳಗೆ ಸಣ್ಣಗೆ ಇಬ್ಬರ ದನಿ. ನಾನು ಒಳಗೆ ಹೋದರೆ ಅವಳು ನಿಲ್ಲಿಸಿಬಿಡುವಳೋ, ಅಥವಾ ಕೂತು ಕೇಳಿ ಎನ್ನುವಳೋ.